ಆರನೇ ತಂತಿ ತೆಗೆದಿಟ್ಟ ಗಿಟಾರ್‌ವಾದಕ

2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಭಾರತದ ನೆಲದಲ್ಲಿ ಮೊದಲ ಸಲ ವೇದಿಕೆ ಏರಿತು. ತಂಡ ಕಟ್ಟಿ ಆಗಲೇ ನಲವತ್ತು ವರ್ಷ ದಾಟಿತ್ತು. ಆ ದಿನಗಳಲ್ಲಿ ಸಾರ್ಸ್ ಸೋಂಕಿನ ಭೀತಿ ಏಷ್ಯಾದ ತುಂಬ ಹಬ್ಬಿತ್ತು. ಹಾಂಗ್‌ಕಾಂಗ್ ಕಛೇರಿಗಳು ಮುಂದಕ್ಕೆ ಹೋದವು, ಬೀಜಿಂಗ್ ಮತ್ತು ಶಾಂಘೈ ಕಛೇರಿಗಳು ರದ್ದಾದವು. ಬೆಂಗಳೂರಿನ ಕಛೇರಿ ನಡೆಯಿತು, ಮೂರು ದಿನದ ಬಳಿಕ ಮುಂಬೈಯದೂ ನಡೆಯಿತು. ಈ ತಂಡ ಎಲ್ಲಿಗೆ ಹೋದರೂ ಜನರ ಕಣ್ಣು ಮೊದಲು ಹೋಗುವುದು ಓಡುತ್ತ, ಕುಣಿಯುತ್ತ ಹಾಡುವ ಮಿಕ್ ಜಾಗರ್ ಮೇಲೆ. ಆದರೆ ಹಾಡನ್ನು ಶುರು ಮಾಡುವವರು, ಅದರ ನಡಿಗೆ ಹೇಗಿರಬೇಕೆಂದು ತೀರ್ಮಾನಿಸುವವರು ಪಕ್ಕದಲ್ಲಿ ನಿಂತಿರುವ ಇನ್ನೊಬ್ಬರು. ಆಗ 59 ವರ್ಷದ ಕೀತ್ ರಿಚರ್ಡ್ಸ್.

ಅವರ ಹೆಸರಾಂತ ಗಿಟಾರುಗಳಿಗೆ ಐದೇ ತಂತಿ.

ಗಿಟಾರಿಗೆ ಸಾಮಾನ್ಯವಾಗಿ ಆರು ತಂತಿ. ದಪ್ಪನೆಯ ಆರನೆಯದು ತನಗೆ ಬೇಡವೆಂದು ಕೀತ್ 1960ರ ದಶಕದ ಕೊನೆಯಲ್ಲಿ ತೆಗೆದುಹಾಕಿದರು. ಅವರ ಓರಗೆಯವರಾದ ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲಾಪ್ಟನ್, ಜೆಫ್ ಬೆಕ್ ಇವರೆಲ್ಲ ಬೆರಳಿನ ಓಟಕ್ಕೆ ಹೆಸರಾದವರು. ನಿಮಿಷಗಟ್ಟಲೆ ಒಬ್ಬರೇ ನುಡಿಸುತ್ತ ಕೇಳುಗರನ್ನು ಹಿಡಿದಿಡಬಲ್ಲವರು. ಕೀತ್ ಆ ದಾರಿಗೆ ಹೋಗಲಿಲ್ಲ. ಅವರು ಹಿಡಿದದ್ದು ತಾಳದ ಗಿಟಾರು: ನಾಲ್ಕೈದು ಸ್ವರಗಳ ಒಂದು ತುಣುಕು, ನಡುವೆ ಬೇಕಾದಷ್ಟು ಬಿಡುವು, ಹಿಂದೆ ನಿಲ್ಲದೆ ಮೊಳಗುವ ಆಧಾರ ಸ್ವರ. ರಾಕ್ ಸಂಗೀತದಲ್ಲಿ ಆ ತುಣುಕಿಗೆ ರಿಫ್ ಎನ್ನುತ್ತಾರೆ. ಅರವತ್ತು ವರ್ಷಗಳಲ್ಲಿ ಇವರಷ್ಟು ಗಟ್ಟಿ ರಿಫ್‌ಗಳನ್ನು ಕೊಟ್ಟವರು ಇನ್ನೊಬ್ಬರಿಲ್ಲ.

ಕೀತ್ ಹುಟ್ಟಿದ್ದು 1943ರ ಡಿಸೆಂಬರ್ 18ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್‌ನಲ್ಲಿ. ಥೇಮ್ಸ್ ನದಿಯ ದಂಡೆಯ ಈ ಸೀಮೆ ನಮ್ಮ ಕಲಬುರಗಿ ಸೀಮೆಯ ವಾಡಿ, ಶಹಾಬಾದ್, ರಾವೂರ ಕಡೆಯವರಿಗೆ ಪೂರ್ತಿ ಅಪರಿಚಿತವೆನಿಸಲಿಕ್ಕಿಲ್ಲ. ಪಕ್ಕದ ಸ್ವಾನ್ಸ್‌ಕೂಮ್, ನಾರ್ತ್‌ಫ್ಲೀಟ್ ಊರುಗಳು ಸುಣ್ಣದ ಕಲ್ಲಿನ ಗಣಿಯ ಮೇಲೆ ಬದುಕಿದವು. ಪೋರ್ಟ್‌ಲ್ಯಾಂಡ್ ಸಿಮೆಂಟಿನ ಮೊದಮೊದಲ ಭಟ್ಟಿಗಳು ಉರಿದದ್ದು ಅಲ್ಲೇ. ತಂದೆ ಬರ್ಟ್ ಕಾರ್ಖಾನೆಯ ಕೆಲಸಗಾರ, ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಗಾಯಗೊಂಡವರು. ತಾಯಿ ಡೋರಿಸ್‌ಗೆ ರೇಡಿಯೋ ಅಂದರೆ ಪ್ರಾಣ. ಅಡುಗೆಮನೆಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, ಬಿಲ್ಲಿ ಹಾಲಿಡೇ ಸದಾ ಹಾಡುತ್ತಿದ್ದರು. ಒಬ್ಬನೇ ಮಗ ಅದನ್ನು ಕೇಳುತ್ತ ಬೆಳೆದ.

ಗಿಟಾರಿನ ಹುಚ್ಚು ಹತ್ತಿಸಿದವರು ತಾಯಿಯ ತಂದೆ ಗಸ್ ಡುಪ್ರೀ. ಹಿಂದೆ ಜಾಝ್ ವಾದ್ಯವೃಂದದೊಡನೆ ಊರೂರು ತಿರುಗಿದವರು. ಮನೆಯಲ್ಲಿ ಗಿಟಾರನ್ನು ಮೊಮ್ಮಗನ ಕೈಗೆಟುಕದಷ್ಟು ಎತ್ತರದಲ್ಲಿ ಇಟ್ಟಿದ್ದರು. ‘ಕೈಗೆ ಎಟುಕಿದ ದಿನ ತೆಗೆದುಕೋ’ ಎಂಬುದು ಕರಾರು. ಕಲಿಸುವವರು ಮಗುವಿನ ಆಸೆಯನ್ನು ಹೀಗೆ ಕಾಯಿಸಿ ಹದಗೊಳಿಸುವುದು ಅಪರೂಪ. ಎಟುಕಿದ ಮೇಲೆ ಗಸ್ ಹೇಳಿಕೊಟ್ಟದ್ದು ಮಲಗೇನ್ಯಾ ಎಂಬ ಸ್ಪೇನ್ ದೇಶದ ಮಟ್ಟು. ಅದು ಬಂದರೆ ಉಳಿದದ್ದೆಲ್ಲ ಬರುತ್ತದೆ ಎಂದು ಅಜ್ಜನ ನಂಬಿಕೆ. 2014ರಲ್ಲಿ ಕೀತ್ ಈ ಅಜ್ಜನ ಬಗ್ಗೆ ಮಕ್ಕಳಿಗಾಗಿ ಒಂದು ಪುಸ್ತಕ ತಂದರು. ಚಿತ್ರ ಬರೆದವರು ಮಗಳು ಥಿಯೊಡೊರಾ.

ಹುಡುಗನ ಕಂಠವೂ ಚೆನ್ನಾಗಿತ್ತು. ಶಾಲೆಯ ಗಾಯನವೃಂದದಲ್ಲಿ ಹಾಡುತ್ತ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ರಾಣಿ ಎರಡನೇ ಎಲಿಜಬೆತ್ ಎದುರೂ ಹಾಡಿದ್ದುಂಟು. ವಯಸ್ಸಿಗೆ ಬಂದು ದನಿ ಒಡೆದದ್ದೇ ತಡ, ವೃಂದದಿಂದ ಹೊರಗೆ. ಹಾಡಿಗಾಗಿ ತಪ್ಪಿಸಿಕೊಂಡ ಪಾಠಗಳ ಲೆಕ್ಕ ಹಿಡಿದು ಒಂದು ವರ್ಷ ಹಿಂದಿನ ತರಗತಿಯಲ್ಲೇ ಕೂರಿಸಿದರು. ಅಧಿಕಾರದಲ್ಲಿದ್ದವರ ಮೇಲಿನ ನಂಬಿಕೆ ಅಲ್ಲಿಗೆ ಹೋಯಿತು ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. 1959ರಲ್ಲಿ ತಾಂತ್ರಿಕ ಶಾಲೆ ಹೊರಗಟ್ಟಿತು. ಸೇರಿದ್ದು ಸಿಡ್‌ಕಪ್ ಕಲಾಶಾಲೆಗೆ. ಅಲ್ಲಿ ಚಿತ್ರಕ್ಕಿಂತ ಹೆಚ್ಚು ಗಿಟಾರು ನಡೆಯುತ್ತಿತ್ತು.

1961ರ ಅಕ್ಟೋಬರ್ 17ರ ಬೆಳಿಗ್ಗೆ ಡಾರ್ಟ್‌ಫರ್ಡ್ ರೈಲು ನಿಲ್ದಾಣದ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಕೀತ್‌ಗೆ ಒಬ್ಬ ಹಳೆಯ ಪ್ರಾಥಮಿಕ ಶಾಲೆಯ ಗೆಳೆಯ ಕಂಡ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೊರಟಿದ್ದ ಮಿಕ್ ಜಾಗರ್. ಅವನ ಕಂಕುಳಲ್ಲಿ ಎರಡು ರೆಕಾರ್ಡುಗಳಿದ್ದವು: ಒಂದು ಚಕ್ ಬೆರಿ, ಇನ್ನೊಂದು ಮಡ್ಡಿ ವಾಟರ್ಸ್. ಇಂಗ್ಲೆಂಡಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗದ ಮಾಲು ಅದು. ಇಂಥವನ್ನು ಮಿಕ್ ನೇರ ಶಿಕಾಗೋದ ಚೆಸ್ ಕಂಪನಿಗೆ ಬರೆದು ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರಿಗೆ ಗೊತ್ತು, ಪ್ಲಾಟ್‌ಫಾರ್ಮಿನ ಗುರುತು ಮುಂದಿನ ನಿಲ್ದಾಣದಲ್ಲಿ ಮುಗಿಯುತ್ತದೆ. ಇವರದು ಮುಗಿಯಲಿಲ್ಲ. ಹದಿನೇಳು, ಹದಿನೆಂಟರ ಆ ಹುಡುಗರ ಗೆಳೆತನ ಜಗಳ, ಮೌನ, ವರ್ಷಗಟ್ಟಲೆ ಮುನಿಸು ಎಲ್ಲವನ್ನೂ ದಾಟಿ ಇವತ್ತಿಗೂ ಉಳಿದಿದೆ. ಆ ಪ್ಲಾಟ್‌ಫಾರ್ಮಿನಲ್ಲಿ 2015ರಲ್ಲಿ ಒಂದು ಫಲಕ ಹಾಕಿದರು.

ಮುಂದಿನದು ಬೇಗ ನಡೆಯಿತು. ಬ್ರಯಾನ್ ಜೋನ್ಸ್ ಮತ್ತು ಪಿಯಾನೋ ನುಡಿಸುವ ಇಯಾನ್ ಸ್ಟೂವರ್ಟ್ ಸಿಕ್ಕರು. ಮಡ್ಡಿ ವಾಟರ್ಸ್‌ನ 1950ರ ಒಂದು ಹಾಡಿನ ಹೆಸರೇ ತಂಡದ ಹೆಸರಾಯಿತು. 1962ರ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಕಛೇರಿ. ಆ ಚಳಿಗಾಲ ಎಡಿತ್ ಗ್ರೋವ್‌ನ ಬಡ ಕೋಣೆಗಳಲ್ಲಿ ಕೀತ್ ಮತ್ತು ಬ್ರಯಾನ್ ಹಗಲಿರುಳು ಅಮೆರಿಕದ ಕಪ್ಪು ಜನರ ಬ್ಲೂಸ್ ರೆಕಾರ್ಡುಗಳನ್ನು ಕೇಳಿ ಒಂದೊಂದೇ ಸ್ವರ ಬಿಡಿಸಿ ಕಲಿತರು. ರಾಬರ್ಟ್ ಜಾನ್ಸನ್‌ನ ಧ್ವನಿಮುದ್ರಿಕೆಯನ್ನು ಮೊದಲು ಕೇಳಿದಾಗ, ಜೊತೆಗೆ ನುಡಿಸುತ್ತಿರುವ ಇನ್ನೊಬ್ಬ ಯಾರು ಎಂದು ಕೀತ್ ಕೇಳಿದ್ದರಂತೆ. ಇನ್ನೊಬ್ಬನಿರಲಿಲ್ಲ. ಒಂದೇ ಗಿಟಾರು, ಎರಡು ಕೈ. ಅದಕ್ಕೆ ಗುರು ಸಿಗಲಿಲ್ಲ, ರೆಕಾರ್ಡೇ ಗುರು.

1965ರ ‘ಸ್ಯಾಟಿಸ್‌ಫ್ಯಾಕ್ಷನ್’ ಹುಟ್ಟಿದ ಕಥೆಯನ್ನು ಕೀತ್ ಹಲವು ಸಲ ಹೇಳಿದ್ದಾರೆ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಪಕ್ಕದ ಟೇಪ್ ರೆಕಾರ್ಡರ್ ಕೊನೆಯವರೆಗೆ ಓಡಿ ನಿಂತಿತ್ತು. ತಿರುಗಿಸಿ ಕೇಳಿದರೆ ನಿದ್ದೆಗಣ್ಣಿನಲ್ಲಿ ನುಡಿಸಿದ ರಿಫ್, ಆಮೇಲೆ ಉದ್ದಕ್ಕೂ ಗೊರಕೆ. ಧ್ವನಿಯನ್ನು ಬೇಕೆಂದೇ ಒರಟಾಗಿಸುವ ಫಝ್ ಪೆಟ್ಟಿಗೆಯ ಮೂಲಕ ಗಿಟಾರನ್ನು ಹಾಯಿಸಿದ್ದು ತಾತ್ಕಾಲಿಕ ಏರ್ಪಾಡು. ಆ ಜಾಗದಲ್ಲಿ ತುತ್ತೂರಿಗಳು ಬರಬೇಕೆಂದು ಅವರ ಯೋಚನೆ. ಉಳಿದವರು ಒಪ್ಪಲಿಲ್ಲ, ಹಾಗೇ ಬಿಡುಗಡೆಯಾಯಿತು. ಅಮೆರಿಕದಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದೇ ವರ್ಷ ಓಟಿಸ್ ರೆಡ್ಡಿಂಗ್ ತುತ್ತೂರಿಗಳನ್ನೇ ಹಾಕಿಸಿ ಈ ಹಾಡನ್ನು ಹಾಡಿದರು, ಕೀತ್ ಕಿವಿಯಲ್ಲಿದ್ದದ್ದು ಹೆಚ್ಚುಕಡಿಮೆ ಅದೇ.

ಇನ್ನು ಐದು ತಂತಿಯ ವಿಷಯ. 1968ರ ಹೊತ್ತಿಗೆ ಕೀತ್‌ಗೆ ಮಾಮೂಲಿ ಶ್ರುತಿ ಬೇಸರ ತರಿಸಿತ್ತು. ಹಳೆಯ ಬ್ಲೂಸ್ ಕಲಾವಿದರು ಗಿಟಾರನ್ನು ಬೇರೆ ಬೇರೆ ರೀತಿಯಲ್ಲಿ ಶ್ರುತಿ ಮಾಡುತ್ತಿದ್ದರು. ಅಮೆರಿಕದ ವಾದಕ ರೈ ಕೂಡರ್ ನುಡಿಸುವುದನ್ನು ಹತ್ತಿರದಿಂದ ನೋಡಿದಾಗ ಓಪನ್ ಜಿ ಎಂಬ ಶ್ರುತಿ ಕೀತ್ ಮನಸ್ಸಿಗೆ ಹತ್ತಿತು. ಬ್ಯಾಂಜೋದಿಂದ ಗಿಟಾರಿಗೆ ಬಂದ ಶ್ರುತಿ ಅದು. ಆರನೇ ತಂತಿ ತೆಗೆದ ಮೇಲೆ ಉಳಿಯುವ ಐದು ತಂತಿಗಳನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಕೆಳಗಿನಿಂದ ಮೇಲಕ್ಕೆ ಸ, ಪ, ಮೇಲಿನ ಸ, ಅದರ ಗ, ಅದರ ಪ. ಎಡಗೈ ಮುಟ್ಟದೆಯೇ ಐದನ್ನೂ ಮೀಟಿದರೆ ತುಂಬಿದ ಒಂದು ಸ್ವರಮೇಳ ಸಿಗುತ್ತದೆ. ಒಂದು ಬೆರಳನ್ನು ಅಡ್ಡಲಾಗಿ ಒತ್ತಿ ಮೇಲೆ ಕೆಳಗೆ ಸರಿಸಿದರೆ ಆ ಮೇಳ ಹಾಗೇ ಸರಿಯುತ್ತದೆ. ಉಳಿದ ಎರಡು ಬೆರಳಿಂದ ಗಾಂಧಾರವನ್ನು ಮಧ್ಯಮಕ್ಕೂ ಪಂಚಮವನ್ನು ಧೈವತಕ್ಕೂ ಏರಿಸಿ ತಟ್ಟನೆ ಬಿಟ್ಟರೆ, ಅಡಿಯಲ್ಲಿ ಷಡ್ಜ ಮೊಳಗುತ್ತಲೇ ಇರುತ್ತದೆ, ಮೇಲೆ ಗ-ಪ ಹೋಗಿ ಮ-ಧ ಬಂದು ಮತ್ತೆ ಗ-ಪ. ‘ಬ್ರೌನ್ ಶುಗರ್’, ‘ಸ್ಟಾರ್ಟ್ ಮಿ ಅಪ್’ ಹಾಡುಗಳ ಜೀವ ಈ ಒಂದು ತೂಗಾಟದಲ್ಲಿದೆ. ದಪ್ಪ ತಂತಿ ಇದ್ದಿದ್ದರೆ ಅಡಿಯಲ್ಲಿ ಪಂಚಮ ಬಂದು ಷಡ್ಜದ ನೆಲೆ ಕದಡುತ್ತಿತ್ತು. ಹಾಗಾಗಿ ತೆಗೆದರು.

ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಭಜನೆಗೆ ಕೂತವರಿಗೆ ಇದು ಕಷ್ಟದ ಪಾಠವೇನಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವನ ಕೈಯಲ್ಲಿ ಏಕತಾರಿ ಇರುತ್ತದೆ. ಒಂದೇ ತಂತಿ, ಒಂದೇ ಸ್ವರ. ಪಕ್ಕದಲ್ಲಿ ದಮ್ಮಡಿ, ತಾಳ. ಆ ಒಂದು ಸ್ವರ ಅಲುಗದೆ ನಿಂತಿರುವುದರಿಂದಲೇ ಹಾಡುವವನ ದನಿ ಎಷ್ಟು ಎತ್ತರಕ್ಕೆ ಹೋದರೂ ತಿರುಗಿ ಬರಲು ಒಂದು ನೆಲೆ ಇರುತ್ತದೆ. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದವರ ಸಂಗೀತಕ್ಕೂ ಕಲಬುರಗಿ ಸೀಮೆಯ ತೊಗರಿ ಹೊಲಗಳಲ್ಲಿ ದುಡಿದವರ ಸಂಗೀತಕ್ಕೂ ಯಾವ ನಂಟೂ ಇಲ್ಲ, ಒಂದರಿಂದ ಇನ್ನೊಂದು ಬಂದದ್ದಲ್ಲ. ಆದರೂ ಎರಡೂ ಕಡೆ ಬಡವರ ವಾದ್ಯ ಆಧಾರ ಸ್ವರವನ್ನೇ ಆತುಕೊಂಡಿತು. ಕೀತ್ ವಿದ್ಯುತ್ ಗಿಟಾರನ್ನು ಆ ಹಳೆಯ ನೆಲೆಗೆ ತಿರುಗಿಸಿ ತಂದರು ಎಂಬುದೇ ಅವರ ನಿಜವಾದ ಸಾಧನೆ. ಇದೇ ತಂಡದ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿನಲ್ಲಿ 1966ರಲ್ಲಿ ಬ್ರಯಾನ್ ಜೋನ್ಸ್ ಸಿತಾರ್ ನುಡಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಸಿತಾರಿನ ಬಣ್ಣ ಅಲ್ಲಿದೆ, ನಿಜ. ಷಡ್ಜದ ಗುಣ ಹೆಚ್ಚಿರುವುದು ಮಾತ್ರ ಕೀತ್‌ನ ಐದು ತಂತಿಯಲ್ಲಿ.

ತಂಡದ ನಡಿಗೆಯೂ ಬೇರೆ ತರಹ. ಸಾಮಾನ್ಯವಾಗಿ ರಾಕ್ ತಂಡದಲ್ಲಿ ಡ್ರಮ್ ಮುಂದೆ, ಉಳಿದವರು ಅದರ ಹಿಂದೆ. ಇಲ್ಲಿ ಡ್ರಮ್ ನುಡಿಸುವ ಚಾರ್ಲಿ ವಾಟ್ಸ್ ಕೀತ್‌ನ ಗಿಟಾರನ್ನು ಅನುಸರಿಸುತ್ತಿದ್ದರು. ಕೂದಲೆಳೆಯಷ್ಟು ತಡವಾಗಿ ಬೀಳುವ ಆ ಪೆಟ್ಟಿನಿಂದ ಹಾಡು ಈಗ ಬಿದ್ದೀತು, ಇನ್ನೇನು ಬಿದ್ದೀತು ಅನ್ನಿಸುತ್ತದೆ, ಬೀಳುವುದಿಲ್ಲ. ಬೇಸ್ ಗಿಟಾರಿನ ಬಿಲ್ ವೈಮನ್ ಇದನ್ನು ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ಬೇರೆ ತಂಡಗಳು ಸ್ಟೋನ್ಸ್ ಹಾಡುಗಳನ್ನು ಸ್ವರ ತಪ್ಪದೆ ನುಡಿಸಿದರೂ ಆ ರುಚಿ ಬಾರದಿರಲು ಇದೇ ಕಾರಣ.

1968ರಿಂದ 1972ರವರೆಗಿನ ನಾಲ್ಕು ವರ್ಷ ಕೀತ್ ಬದುಕಿನ ಎತ್ತರದ ಕಾಲ. ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’ ಹಾಡಿಗೆ ಅವರು ವಿದ್ಯುತ್ ಗಿಟಾರು ಮುಟ್ಟಲೇ ಇಲ್ಲ. ಮಾಮೂಲಿ ಮರದ ಗಿಟಾರನ್ನು ಫಿಲಿಪ್ಸ್ ಕಂಪನಿಯ ಸಣ್ಣ ಕ್ಯಾಸೆಟ್ ರೆಕಾರ್ಡರಿನ ಎದುರು ಜೋರಾಗಿ ನುಡಿಸಿದರು. ಅಷ್ಟು ಸದ್ದನ್ನು ತಾಳಲಾರದೆ ಯಂತ್ರದೊಳಗೆ ಧ್ವನಿ ಒಡೆಯಿತು, ಆ ಒಡಕನ್ನೇ ಹಾಡಿಗೆ ಬಳಸಿದರು. 1971ರಲ್ಲಿ ಬ್ರಿಟನ್ನಿನ ತೆರಿಗೆ ತಪ್ಪಿಸಲು ತಂಡ ಫ್ರಾನ್ಸಿಗೆ ಹೋಯಿತು. ಸಮುದ್ರದಂಡೆಯ ನೆಲ್‌ಕೋಟ್ ಎಂಬ ಬಂಗಲೆಯಲ್ಲಿ ಕೀತ್ ಬಿಡಾರ. ಅದರ ನೆಲಮಾಳಿಗೆಯಲ್ಲಿ ಧ್ವನಿಮುದ್ರಣ, ಹೊರಗೆ ಯಂತ್ರಗಳಿದ್ದ ಲಾರಿ. ಸೆಖೆಗೆ ತಂತಿಗಳು ಹಾಡಿನ ನಡುವೆಯೇ ಶ್ರುತಿ ತಪ್ಪುತ್ತಿದ್ದವು. 1972ರ ಮೇ ತಿಂಗಳಲ್ಲಿ ಬಂದ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಮೊದಲು ಗೊಂದಲದ ಕೃತಿ ಎನಿಸಿಕೊಂಡಿತು. ಈಗ ರಾಕ್ ಸಂಗೀತದ ಶ್ರೇಷ್ಠ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಅದಿಲ್ಲದೆ ನಡೆಯುವುದಿಲ್ಲ.

ಇದೇ ಕಾಲಕ್ಕೆ ಹೆರಾಯಿನ್ ಅವರನ್ನು ಹಿಡಿಯಿತು. ಈ ಭಾಗವನ್ನು ಸಾಹಸದ ಕಥೆಯಾಗಿ ಹೇಳುವ ಚಾಳಿ ಇದೆ. ಅದು ತಪ್ಪು. 1969ರ ಜುಲೈ 3ರಂದು ಬ್ರಯಾನ್ ಜೋನ್ಸ್ 27ನೇ ವಯಸ್ಸಿಗೆ ಈಜುಕೊಳದಲ್ಲಿ ಸತ್ತರು. ನೆಲ್‌ಕೋಟ್ ಬಂಗಲೆಯಲ್ಲಿ ಜೊತೆಗಿದ್ದ ಗೆಳೆಯ, ಗಾಯಕ ಗ್ರಾಮ್ ಪಾರ್ಸನ್ಸ್ 1973ರಲ್ಲಿ 26ಕ್ಕೇ ಹೋದರು. 1976ರಲ್ಲಿ ಕೀತ್‌ನ ಹಸುಗೂಸು ತೀರಿಕೊಂಡ ದಿನವೂ ಅವರು ಪ್ಯಾರಿಸ್ಸಿನಲ್ಲಿ ವೇದಿಕೆ ಏರಿ ನುಡಿಸಿದರು. 1977ರ ಫೆಬ್ರುವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಬಂಧನವಾಯಿತು. ಮಾರಾಟದ ಆರೋಪ ನಿಂತಿದ್ದರೆ ಜೀವಾವಧಿ ಜೈಲಿಗೂ ಅವಕಾಶವಿತ್ತು. ಮರುವರ್ಷ ನ್ಯಾಯಾಲಯ ಜೈಲಿಗೆ ಕಳಿಸದೆ, ಅಂಧರಿಗಾಗಿ ಒಂದು ಸಹಾಯಾರ್ಥ ಕಛೇರಿ ಕೊಡಬೇಕೆಂದು ವಿಧಿಸಿತು. ಕಣ್ಣು ಕಾಣದ ಅಭಿಮಾನಿಯೊಬ್ಬಳು ನ್ಯಾಯಾಧೀಶರನ್ನು ಕಂಡು ಕೀತ್ ಪರ ಮಾತಾಡಿದ್ದಳು. 1979ರ ಏಪ್ರಿಲ್‌ನಲ್ಲಿ ಆ ಕಛೇರಿ ನಡೆಯಿತು. ಹೆರಾಯಿನ್ ಬಿಟ್ಟದ್ದೇ ಅವರು ಬದುಕಿ ಉಳಿಯಲು ಕಾರಣ. ಅಷ್ಟೇ ದುಡಿದ ಹಲವು ಪ್ರತಿಭೆಗಳಿಗೆ ಎರಡನೆಯ ಅವಕಾಶ ಸಿಗಲಿಲ್ಲ.

ಇನ್ನೊಂದು ಕಠಿಣ ಪ್ರಶ್ನೆಯನ್ನೂ ಎತ್ತಲೇಬೇಕು. ಕಪ್ಪು ಜನರ ಸಂಗೀತದಿಂದ ಬಿಳಿಯ ಹುಡುಗರು ಶ್ರೀಮಂತರಾದರು. ಆ ಸಂಗೀತ ಹುಟ್ಟಿಸಿದವರಲ್ಲಿ ಎಷ್ಟೋ ಜನ ಬಡವರಾಗಿಯೇ ಸತ್ತರು. ಗುಲಾಮರ ಮೇಲಿನ ದೌರ್ಜನ್ಯವನ್ನು ಹಾಡಾಗಿಸಿದ ‘ಬ್ರೌನ್ ಶುಗರ್’ ಅನ್ನು ತಂಡ 2021ರ ಪ್ರವಾಸದಲ್ಲಿ ಕೈಬಿಟ್ಟಿತು. ಎಂದೋ ಕೈಬಿಡಬೇಕಿತ್ತು. ಆದರೆ ಸ್ಟೋನ್ಸ್ ತಮ್ಮ ಗುರುಗಳ ಹೆಸರನ್ನು ಮುಚ್ಚಿಡಲಿಲ್ಲ ಎಂಬುದೂ ದಾಖಲಾಗಬೇಕು. 1965ರ ಮೇ ತಿಂಗಳಲ್ಲಿ ಅಮೆರಿಕದ ‘ಶಿಂಡಿಗ್’ ಟಿವಿ ಕಾರ್ಯಕ್ರಮಕ್ಕೆ ಕರೆದಾಗ, ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಹಾಡುವುದಾದರೆ ಬರುತ್ತೇವೆ ಎಂದು ಹಟ ಹಿಡಿದರು. ವುಲ್ಫ್ ಹಾಡುವಾಗ ಅವರ ಕಾಲ ಬಳಿ ಕೂತು ಕೇಳಿದರು. 1981ರ ನವೆಂಬರ್ 22ರಂದು ಶಿಕಾಗೋದ ಚೆಕರ್‌ಬೋರ್ಡ್ ಲೌಂಜ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಮಡ್ಡಿ ವಾಟರ್ಸ್ ಪಕ್ಕ ನಿಂತು ನುಡಿಸಿದರು. ಚಕ್ ಬೆರಿಗೆ 60 ತುಂಬಿದಾಗ 1986ರಲ್ಲಿ ಸಂಭ್ರಮದ ಕಛೇರಿಗೆ ತಂಡ ಕೂಡಿಸಿದವರು ಕೀತ್. ಅಭ್ಯಾಸದ ವೇಳೆ ಬೆರಿ ‘ಕ್ಯಾರಲ್’ ಹಾಡಿನ ಆರಂಭವನ್ನು ಸರಿಯಾಗಿ ಬಂದಿಲ್ಲವೆಂದು ಕ್ಯಾಮೆರಾ ಎದುರೇ ಮತ್ತೆ ಮತ್ತೆ ನುಡಿಸಲು ಕೀತ್‌ಗೆ ಹೇಳಿದರು. ಜಗತ್ಪ್ರಸಿದ್ಧ ಶಿಷ್ಯ ಹಲ್ಲು ಕಚ್ಚಿಕೊಂಡು ನುಡಿಸಿದ.

ಆಮೇಲಿನ ವರ್ಷಗಳನ್ನು ಚುಟುಕಾಗಿ ಹೇಳಬಹುದು. 1988ರಲ್ಲಿ ಡ್ರಮ್ ವಾದಕ ಸ್ಟೀವ್ ಜೋರ್ಡನ್ ಜೊತೆ ತಮ್ಮದೇ ಮೊದಲ ಧ್ವನಿಮುದ್ರಿಕೆ. 2006ರಲ್ಲಿ ಫಿಜಿ ದ್ವೀಪದಲ್ಲಿ ಮರದಿಂದ ಬಿದ್ದು ತಲೆಗೆ ಶಸ್ತ್ರಚಿಕಿತ್ಸೆ, ಎರಡು ತಿಂಗಳ ಬಳಿಕ ಮತ್ತೆ ವೇದಿಕೆ. 2010ರಲ್ಲಿ ಆತ್ಮಕಥೆ. 2021ರ ಆಗಸ್ಟ್ 24ರಂದು ಚಾರ್ಲಿ ವಾಟ್ಸ್ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಅದೇ ಸ್ಟೀವ್ ಜೋರ್ಡನ್. ಬೆರಳ ಗಂಟುಗಳಿಗೆ ಸಂಧಿವಾತ ಬಂದಿದೆ, ಅದಕ್ಕೆ ತಕ್ಕಂತೆ ನುಡಿಸುವ ಬಗೆಯನ್ನು ಬದಲಿಸಿಕೊಂಡಿದ್ದೇನೆ ಎಂದು ಕೀತ್ ಹೇಳಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಬಂದ ‘ಹ್ಯಾಕ್ನಿ ಡೈಮಂಡ್ಸ್’ಗೆ 2025ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು.

ಈ ಬದುಕಿನಿಂದ ನಮ್ಮ ಸೀಮೆಗೆ ಏನಾದರೂ ಬೇಕಿದ್ದರೆ ಅದು ಡಾರ್ಟ್‌ಫರ್ಡ್ ನಿಲ್ದಾಣದ ಆ ಭೇಟಿಗಿಂತ ಇಪ್ಪತ್ತು ವರ್ಷ ಹಿಂದಿನ ಒಂದು ಘಟನೆಯಲ್ಲಿದೆ. 1941ರ ಆಗಸ್ಟ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಅಲನ್ ಲೋಮ್ಯಾಕ್ಸ್, ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಜೊತೆ ಧ್ವನಿಮುದ್ರಣ ಯಂತ್ರ ಹೊತ್ತು ಮಿಸಿಸಿಪ್ಪಿಯ ಸ್ಟೋವಾಲ್ ಹೊಲಗಳಿಗೆ ಹೋದರು. ಅವರು ಹುಡುಕುತ್ತಿದ್ದ ರಾಬರ್ಟ್ ಜಾನ್ಸನ್ ಮೂರು ವರ್ಷ ಹಿಂದೆಯೇ ಸತ್ತಿದ್ದ. ಸಿಕ್ಕವನು ಟ್ರ್ಯಾಕ್ಟರ್ ಓಡಿಸುತ್ತಿದ್ದ ಒಬ್ಬ ಕೂಲಿಯಾಳು, ಮಡ್ಡಿ ವಾಟರ್ಸ್. ಅವನ ಗುಡಿಸಲಲ್ಲೇ ಹಾಡಿಸಿ ಮುದ್ರಿಸಿದರು. ಆಮೇಲೆ ಅಂಚೆಯಲ್ಲಿ ಬಂದ ರೆಕಾರ್ಡಿನಲ್ಲಿ ತನ್ನ ದನಿ ಕೇಳಿದಾಗ, ತಾನೂ ಹಾಡಬಲ್ಲೆ ಎಂಬ ನಂಬಿಕೆ ಅವನಿಗೆ ಬಂತು. 1943ರಲ್ಲಿ ರೈಲು ಹತ್ತಿ ಶಿಕಾಗೋಗೆ ಹೋದ. ಚೆಸ್ ಕಂಪನಿಯ ರೆಕಾರ್ಡುಗಳು, ಡಾರ್ಟ್‌ಫರ್ಡ್ ಹುಡುಗನ ಕಂಕುಳು, ಇಡೀ ಬ್ರಿಟಿಷ್ ರಾಕ್ ಸಂಗೀತ, ಎಲ್ಲ ಅದರ ಹಿಂದಿನಿಂದ ಬಂದವು.

ಶಿಶುನಾಳ ಶರೀಫರ ತತ್ವಪದವನ್ನು ಗಿಟಾರು ಹಿಡಿದು ಹಾಡುತ್ತ ರಘು ದೀಕ್ಷಿತ್ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋಗಿ ಬಂದಿದ್ದಾರೆ. ಶರೀಫರ ಪದಗಳು ಪುಸ್ತಕ, ಕ್ಯಾಸೆಟ್ಟುಗಳಲ್ಲಿ ಉಳಿದದ್ದರಿಂದ ಅದು ಸಾಧ್ಯವಾಯಿತು. ಚಿತ್ತಾಪುರ, ಸೇಡಂ, ಚಿಂಚೋಳಿಯ ಹಳ್ಳಿಗಳಲ್ಲಿ ಏಕತಾರಿ ಹಿಡಿದು ಹಾಡುವ ಹಿರಿಯರಿಗೆ ಗೊತ್ತಿರುವ ಎಷ್ಟೋ ಮಟ್ಟುಗಳು ಅವರ ಕಂಠದಲ್ಲಿ ಮಾತ್ರ ಇವೆ. ಲೋಮ್ಯಾಕ್ಸ್ ಕಾರಿನಲ್ಲಿ ಹೊತ್ತು ತಂದ ಭಾರದ ಯಂತ್ರಕ್ಕಿಂತ ಒಳ್ಳೆಯ ಯಂತ್ರ ಇವತ್ತು ಪ್ರತಿಯೊಬ್ಬ ಕಾಲೇಜು ಹುಡುಗನ ಜೇಬಿನಲ್ಲಿದೆ. ಮುಂದಿನ ಅಮಾವಾಸ್ಯೆಗೆ ಭಜನೆಗೆ ಹೋಗಿ. ಹಾಡುವವರ ಒಪ್ಪಿಗೆ ಕೇಳಿ, ಮೊಬೈಲನ್ನು ಹತ್ತಿರವಿಟ್ಟು ಪೂರ್ತಿ ಪದ ಮುದ್ರಿಸಿ. ಹಾಡಿದವರ ಹೆಸರು, ಊರು, ತಾರೀಖು, ಆ ಪದವನ್ನು ಅವರು ಯಾರಿಂದ ಕಲಿತರು ಎಂಬುದನ್ನು ಬರೆದಿಡಿ. ಒಂದು ಪ್ರತಿಯನ್ನು ಹಾಡಿದವರಿಗೇ ಕೊಡಿ.